ಸಿಗಡಿಯ ತಲೆ ಮನೆಗೆ ತನ್ನಿ

ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಬೆಂಗಳೂರಿನ ಕುರುಬರಹಳ್ಳಿ ಸರ್ಕಲ್ಲಿನ ಸುತ್ತಮುತ್ತ ಮಟನ್ ಅಂಗಡಿಗಳ ಮುಂದೆ ಉದ್ದುದ್ದ ಸಾಲು. ಮೀನಿನಂಗಡಿಯ ಮುಂದೆ ಅಷ್ಟು ಜನ ಇರುವುದಿಲ್ಲ, ಇದ್ದವರಿಗೆ ಅವಸರವೂ ಇರುವುದಿಲ್ಲ. ಬಂಗುಡೆಯ ಕಿವಿರು ಎತ್ತಿ ನೋಡುವವರು, ಅಂಜಲ್ ತುಂಡು ಎಷ್ಟು ದಪ್ಪ ಇರಬೇಕೆಂದು ವಾದ ಹೂಡುವವರು, ಕಾಟ್ಲಾ ತಲೆಯನ್ನು ಬೇರೆ ಕಟ್ಟಿಸಿಕೊಳ್ಳುವವರು. ಸಿಗಡಿಯ ಸರದಿ ಬಂದಾಗ ಮಾತ್ರ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಕ್ಲೀನ್ ಮಾಡಿಬಿಡಿ.’ ಅಂಗಡಿಯವರು ತಲೆ ಕಿತ್ತು, ಚಿಪ್ಪು ಸುಲಿದು, ಬೆನ್ನಿನ ಕರಿನರ ಎಳೆದು, ಬೆಳ್ಳಗಿನ ತಿರುಳನ್ನಷ್ಟೇ ಕವರಿಗೆ ಹಾಕಿಕೊಡುತ್ತಾರೆ. ತಲೆ, ಚಿಪ್ಪು ಕಾಲಬುಡದ ಬಕೆಟ್ಟಿಗೆ ಬೀಳುತ್ತವೆ.

ತೂಕ ಹಾಕಿದ್ದು ಸುಲಿಯುವ ಮೊದಲು. ಅರ್ಧ ಕಿಲೋ ಇಡೀ ಸಿಗಡಿ ಸುಲಿದರೆ ತಿರುಳು ಉಳಿಯುವುದು ಹೆಚ್ಚೂಕಡಿಮೆ ಅದರ ಅರ್ಧದಷ್ಟು. ಮಿಕ್ಕ ಅರ್ಧಕ್ಕೂ ನಾವು ದುಡ್ಡು ಕೊಟ್ಟಿರುತ್ತೇವೆ. ದುಡ್ಡಿನ ಮಾತು ಹಾಗಿರಲಿ, ಸಿಗಡಿಯ ರುಚಿಯ ದೊಡ್ಡ ಪಾಲು ಇರುವುದು ಆ ಬಕೆಟ್ಟಿಗೆ ಬಿದ್ದ ತಲೆಗಳಲ್ಲಿ. ತಿರುಳು ಬಾಯಿಗೆ ಮೆತ್ತಗಿನ ಸಿಹಿ ಕೊಡುತ್ತದೆ, ಅಷ್ಟೇ. ಘಮ, ಬಣ್ಣ, ನಾಲಿಗೆಯ ಮೇಲೆ ಹೊತ್ತು ಕಳೆದರೂ ಉಳಿಯುವ ಸಮುದ್ರದ ಆಳ, ಇವೆಲ್ಲ ಬರುವುದು ತಲೆ ಮತ್ತು ಚಿಪ್ಪಿನಿಂದ. ಇದನ್ನು ನಂಬದವರಿಗೆ ಕೇಜನ್ ಶೈಲಿಯ ಗಟ್ಟಿ ಸೂಪಿಗಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ.

‘ಕೇಜನ್’ ಎಂಬ ಹೆಸರು ಬೆಂಗಳೂರಿಗೆ ಹೊಸದೇನಲ್ಲ. ಬಾರ್ಬೆಕ್ಯೂ ಹೋಟೆಲುಗಳಲ್ಲಿ ಕೇಜನ್ ಆಲೂಗೆಡ್ಡೆ ತಿಂದವರು ನಮ್ಮ ಮಹಾಲಕ್ಷ್ಮಿ ಬಡಾವಣೆ, ಕಮಲಾನಗರ, ಬಸವೇಶ್ವರನಗರಗಳಲ್ಲೇ ಸಾವಿರಾರು ಜನ ಸಿಗುತ್ತಾರೆ. ಸೂಪರ್ ಮಾರ್ಕೆಟ್ಟಿನ ಸಾಲಿನಲ್ಲಿ ಕೆಂಪು ಪುಡಿಯ ಡಬ್ಬಿಯೂ ಸಿಗುತ್ತದೆ. ಆದರೆ ಪುಡಿ ಉದುರಿಸಿದ ಮಾತ್ರಕ್ಕೆ ಕೇಜನ್ ಅಡುಗೆ ಆಗುವುದಿಲ್ಲ. ಅದು ಊರು ಕಳೆದುಕೊಂಡ ಒಂದು ಜನಸಮುದಾಯದ ಅಡುಗೆ.

ಇಂದಿನ ಕೆನಡಾದ ಪೂರ್ವ ಕರಾವಳಿಯಲ್ಲಿ, ನೋವಾ ಸ್ಕೋಷಿಯಾದ ಆಸುಪಾಸಿನಲ್ಲಿ, ಅಕಾಡಿಯ ಎಂಬ ನಾಡಿತ್ತು. ಹದಿನೇಳನೆಯ ಶತಮಾನದ ಆರಂಭದಿಂದ ಅಲ್ಲಿ ಫ್ರೆಂಚ್ ರೈತರು ಬೇರು ಬಿಟ್ಟಿದ್ದರು. 1755ರಲ್ಲಿ ಬ್ರಿಟಿಷರು ಅವರನ್ನು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಹಡಗಿಗೆ ತುಂಬಿ ಹೊರಹಾಕಿದರು. ಮನೆ, ದನ, ಹೊಲ ಎಲ್ಲ ಹೋಯಿತು. ಎಲ್ಲೆಲ್ಲೋ ಅಲೆದ ಆ ಜನರಲ್ಲಿ ಒಂದು ಗುಂಪು ಜೋಸೆಫ್ ಬ್ರೂಸಾರ್ ಎಂಬ ನಾಯಕನ ಹಿಂದೆ 1765ರಲ್ಲಿ ನ್ಯೂ ಆರ್ಲಿಯನ್ಸ್ ತಲುಪಿತು. 1785ರಲ್ಲಿ ಏಳು ಹಡಗುಗಳಲ್ಲಿ ಫ್ರಾನ್ಸಿನಿಂದ ಇನ್ನೂ ಸುಮಾರು 1,600 ಮಂದಿ ಬಂದರು. ಲೂಸಿಯಾನದ ಜೌಗು, ಹಿನ್ನೀರು, ಹೊಳೆಗಳ ನಡುವೆ ನೆಲೆನಿಂತ ಈ ಅಕಾಡಿಯನ್ನರೇ ಮುಂದೆ ಕೇಜನ್ನರೆನಿಸಿಕೊಂಡರು.

ಚಳಿನಾಡಿನಿಂದ ಬಂದವರಿಗೆ ಅಲ್ಲಿ ಸಿಕ್ಕಿದ್ದು ಕೆಸರಿನ ಸಿಹಿನೀರ ಸಿಗಡಿ, ನೀಲಿ ಏಡಿ, ಕಡಲ ಸಿಗಡಿ, ಅಕ್ಕಿ. ಬೆಂಡೆಕಾಯಿಯನ್ನು ಅಲ್ಲಿಗೆ ತಂದವರು ಗುಲಾಮರಾಗಿ ಬಂದ ಆಫ್ರಿಕನ್ನರು. ಸಾರು ಮಂದ ಮಾಡುವ ಸಸಫ್ರಾಸ್ ಎಲೆಯ ಪುಡಿ ಚೊಕ್ಟಾ ಮೂಲನಿವಾಸಿಗಳದ್ದು. ಬೆಣ್ಣೆ ಅಥವಾ ಎಣ್ಣೆಯಲ್ಲಿ ಹಿಟ್ಟು ಹುರಿಯುವ ‘ರೂ’ ಮಾತ್ರ ಫ್ರಾನ್ಸಿನಿಂದ ಬಂದದ್ದು. ಈರುಳ್ಳಿ, ದಪ್ಪ ಮೆಣಸಿನಕಾಯಿ, ಸೆಲರಿ ಮೂರೂ ಸೇರಿದ ಒಗ್ಗರಣೆಯನ್ನು ಕೇಜನ್ನರು ಪವಿತ್ರ ತ್ರಿಮೂರ್ತಿ ಎಂದೇ ಕರೆಯುತ್ತಾರೆ. ಈ ಅಡುಗೆ ಹೊರಜಗತ್ತಿಗೆ ತಿಳಿದದ್ದು ತೀರ ಈಚೆಗೆ. 1979ರಲ್ಲಿ ಪಾಲ್ ಪ್ರುಡೋಮ್ ಎಂಬ ಬಾಣಸಿಗ ಪತ್ನಿಯ ಜೊತೆ ನ್ಯೂ ಆರ್ಲಿಯನ್ಸಿನಲ್ಲಿ ಹೋಟೆಲು ತೆರೆದರು. 1984ರಲ್ಲಿ ಅವರ ಅಡುಗೆ ಪುಸ್ತಕ ಬಂತು. ಅಮೆರಿಕ ಪೂರ್ತಿ ಕೇಜನ್ ಅಡುಗೆಯ ಹಿಂದೆ ಬಿದ್ದದ್ದು ಆಮೇಲೆ.

ನನಗೆ ಬಹಳ ಹಿಡಿಸಿದ್ದು ಕೇಜನ್ನರ ಹಳೆಯ ಕೆಸರು-ಸಿಗಡಿ ಬಿಸ್ಕ್. ಬಿಸ್ಕ್ ಎಂದರೆ ಚಿಪ್ಪಿನ ಜೀವಿಗಳ ಗಟ್ಟಿ ಸೂಪ್. ಅಲ್ಲಿನ ಹೆಂಗಸರು ಸಿಗಡಿಯ ತಲೆಚಿಪ್ಪುಗಳನ್ನು ತೊಳೆದು, ಬಾಲದ ತಿರುಳು, ಈರುಳ್ಳಿ, ಬ್ರೆಡ್ ಪುಡಿ, ಖಾರ ಅರೆದು ಅವುಗಳೊಳಗೆ ಗಿಡಿದು, ಆ ತುಂಬಿದ ತಲೆಗಳನ್ನೇ ಸಾರಿನಲ್ಲಿ ಬೇಯಿಸುತ್ತಾರೆ. ಮನೆಮಂದಿಯೆಲ್ಲ ಕೂತು ಇಡೀ ದಿನ ಮಾಡುವ ಕೆಲಸ. ತಲೆ ಎಂದರೆ ಕಸ ಎನ್ನುವ ಯೋಚನೆಯೇ ಆ ಅಡುಗೆಮನೆಯಲ್ಲಿ ಇಲ್ಲ.

ನಮ್ಮ ಅಡುಗೆಮನೆಗಳಲ್ಲೂ ಇರಲಿಲ್ಲ. ಕುರುಬರಹಳ್ಳಿ, ಜೆ.ಸಿ. ನಗರ, ಶಂಕರಮಠದ ಕಡೆ ಬಾಡಿಗೆಗೋ ಸ್ವಂತಕ್ಕೋ ಮನೆ ಮಾಡಿಕೊಂಡವರಲ್ಲಿ ಮಂಡ್ಯ, ಹಾಸನ, ತುಮಕೂರು ಕಡೆಯ ಕುಟುಂಬಗಳು ಬಹಳ. ಆ ಮನೆಗಳ ಹಿರಿಯರನ್ನು ಮಳೆಗಾಲದ ಗದ್ದೆ ಏಡಿಯ ಸಾರು ಹೇಗೆ ಮಾಡುತ್ತಿದ್ದರೆಂದು ಕೇಳಿನೋಡಿ. ದೊಡ್ಡ ಕೊಂಡಿಗಳನ್ನು ಇಡಿಯಾಗಿ ಸಾರಿಗೆ ಹಾಕುತ್ತಾರೆ. ತಿರುಳೇ ಇಲ್ಲದ ಸಣ್ಣ ಕಾಲುಗಳನ್ನು ಒರಳಿಗೆ ಹಾಕಿ ಕುಟ್ಟಿ, ನೀರು ಬೆರೆಸಿ ಹಿಂಡಿ, ಬಟ್ಟೆಯಲ್ಲಿ ಸೋಸಿ, ಆ ಬೂದುಬಣ್ಣದ ರಸವನ್ನು ಕುದಿಯುವ ಸಾರಿಗೆ ಸುರಿಯುತ್ತಾರೆ. ಸಾರು ಮಂದವಾಗುವುದೂ ಮುದ್ದೆ ಅದರಲ್ಲಿ ಮುಳುಗೇಳುವಷ್ಟು ರುಚಿಯಾಗುವುದೂ ಆ ರಸದಿಂದ. ಫ್ರೆಂಚ್ ಬಾಣಸಿಗರು ಬಿಸ್ಕ್ ಮಾಡುವಾಗ ಮಾಡುವುದು ಇದೇ ಕೆಲಸ: ಚಿಪ್ಪು ಜಜ್ಜು, ರಸ ತೆಗೆ, ಸೋಸು. ಹಳೆಯ ಫ್ರೆಂಚ್ ಕ್ರಮದಲ್ಲಿ ಅದನ್ನು ಮಂದ ಮಾಡಲು ಬೆಂದ ಅನ್ನವನ್ನೇ ಅರೆದು ಹಾಕುತ್ತಿದ್ದರು. ಹುರಿಗಡಲೆ, ಗಸಗಸೆ, ಕೊಬ್ಬರಿ ಅರೆದು ಸಾರಿಗೆ ಮೈ ತರುವ ನಮಗೆ ಇದರಲ್ಲಿ ಯಾವುದೂ ವಿಚಿತ್ರ ಅನಿಸಬೇಕಾಗಿಲ್ಲ. ಏಡಿಯ ಕಾಲು ಕುಟ್ಟಿ ರಸ ತೆಗೆದ ಕೈಗಳೇ ಸಿಗಡಿಯ ತಲೆ ಬಿಸಾಡಲು ಹೇಳುತ್ತಿವೆ ಎಂಬುದು ನನಗೆ ನಿಜವಾಗಿ ನೋವಿನ ವಿಷಯ. ಗದ್ದೆಯ ಏಡಿಯನ್ನು ನಾವೇ ಹಿಡಿದು ತಂದಿದ್ದೆವು, ಅದರ ಪ್ರತಿ ತುಣುಕಿನ ಬೆಲೆ ಗೊತ್ತಿತ್ತು. ಸಿಗಡಿ ನಮ್ಮ ಬೀದಿಗೆ ಬಂದದ್ದು ಅಂಗಡಿಯ ಸರಕಾಗಿ.

ಈಗ ಅಡುಗೆಗೆ ಬರೋಣ. ನಾಲ್ಕು ಜನಕ್ಕೆ ಅರ್ಧ ಕಿಲೋ ತಲೆಸಹಿತ ಸಿಗಡಿ, ಎರಡು ಮಧ್ಯಮ ಗಾತ್ರದ ಏಡಿ ಸಾಕು. ಸಿಗಡಿ ಆರಿಸುವಾಗ ತಲೆಯನ್ನೇ ನೋಡಿ. ತಲೆ ಮೈಗೆ ಬಿಗಿಯಾಗಿ ಕೂತಿರಬೇಕು, ಜೋತುಬಿದ್ದಿರಬಾರದು. ಕಪ್ಪಾಗತೊಡಗಿದ್ದರೆ, ಮೂಗಿಗೆ ಅಮೋನಿಯದ ಘಾಟು ಬಡಿದರೆ ಅವತ್ತು ಸೂಪಿನ ಯೋಚನೆ ಬಿಡಿ, ಬಂಗುಡೆ ತನ್ನಿ. ಮಲ್ಪೆ, ಮಂಗಳೂರಿನ ಧಕ್ಕೆಗಳಿಂದ ಹೊರಟ ಮೀನು ಮಂಜುಗಡ್ಡೆಯ ನಡುವೆ ಶಿರಾಡಿ ಘಾಟಿ ಹತ್ತಿ ಮುನ್ನೂರೈವತ್ತು ಕಿಲೋಮೀಟರು ಬಂದಿರುತ್ತದೆ. ಸಿಗಡಿಯ ತಲೆ ಮೈಗಿಂತ ಬೇಗ ಕೆಡುತ್ತದೆ. ಹಾಗಾಗಿ ತಾಜಾತನಕ್ಕೆ ಅದೇ ಸರಿಯಾದ ಸಾಕ್ಷಿ. ಏಡಿಯಲ್ಲಿ ಬೆನ್ನಿನ ಮೇಲೆ ಮೂರು ಚುಕ್ಕೆ ಇರುವ ಕಡಲ ಏಡಿ ಆಗುತ್ತದೆ, ನೀಲಿ ಏಡಿಯಾದರೆ ಇನ್ನೂ ಒಳ್ಳೆಯದು. ಕಿವಿರು ತೆಗೆಸಿ, ಎರಡಾಗಿ ಒಡೆಸಿ. ಬೆನ್ನಚಿಪ್ಪಿನೊಳಗಿನ ಹಳದಿ ತಿರುಳನ್ನು ಮಾತ್ರ ತೊಳೆದು ಹಾಕಬೇಡಿ ಎಂದು ಅಂಗಡಿಯವರಿಗೆ ಮೊದಲೇ ಹೇಳಿಬಿಡಿ.

ಮನೆಯಲ್ಲಿ ಸಿಗಡಿ ಸುಲಿದು, ತಿರುಳಿಗೆ ಚೂರು ಉಪ್ಪು, ಮೆಣಸಿನಪುಡಿ ಸವರಿ ಫ್ರಿಜ್ಜಿನಲ್ಲಿಡಿ. ತಲೆಗಳ ಮೂಗಿನ ಮುಳ್ಳನ್ನೂ ಕಣ್ಣುಗಳನ್ನೂ ಕತ್ತರಿಯಿಂದ ತೆಗೆದು, ಒಂದೇ ಸಲ ನೀರಿನಲ್ಲಿ ಜಾಲಿಸಿ. ನಾಲ್ಕಾರು ಸಲ ತೊಳೆದರೆ ಬೇಕಾದದ್ದೂ ಹರಿದುಹೋಗುತ್ತದೆ. ದಪ್ಪತಳದ ಪಾತ್ರೆಯಲ್ಲಿ ಒಂದು ಚಮಚ ಎಣ್ಣೆ, ಒಂದು ಚಮಚ ಬೆಣ್ಣೆ ಕಾಯಿಸಿ ತಲೆ, ಚಿಪ್ಪು, ಏಡಿಯ ಸಣ್ಣ ಕಾಲುಗಳನ್ನು ಹಾಕಿ ಆರೆಂಟು ನಿಮಿಷ ಹುರಿಯಿರಿ. ಬೂದುಬಣ್ಣದ ಚಿಪ್ಪು ಕಣ್ಣೆದುರೇ ಕೆಂಪಾಗುವುದು ಈಗಲೇ. ಅಸ್ಟಾಕ್ಸಾಂಥಿನ್ ಎಂಬ ಕಿತ್ತಳೆ ಬಣ್ಣದ ವರ್ಣದ್ರವ್ಯ ಹಸಿ ಚಿಪ್ಪಿನಲ್ಲಿ ಒಂದು ಪ್ರೊಟೀನಿಗೆ ಅಂಟಿಕೊಂಡು ಬೂದಾಗಿ ಕಾಣುತ್ತಿರುತ್ತದೆ. ಶಾಖಕ್ಕೆ ಪ್ರೊಟೀನು ಕೈಬಿಡುತ್ತದೆ, ಬಣ್ಣ ಬಯಲಾಗುತ್ತದೆ. ಆ ಬಣ್ಣ ಕರಗುವುದು ನೀರಿನಲ್ಲಲ್ಲ, ಜಿಡ್ಡಿನಲ್ಲಿ. ಆದ್ದರಿಂದ ಚಿಪ್ಪನ್ನು ನೇರವಾಗಿ ನೀರಿಗೆ ಹಾಕಿ ಕುದಿಸಿದವರಿಗೆ ಮಂಕು ನೀರು ಸಿಗುತ್ತದೆ, ಬೆಣ್ಣೆಯಲ್ಲಿ ಹುರಿದವರಿಗೆ ಕೇಸರಿ ಸಾರು. ಸೌಟಿನ ಹಿಂಬದಿಯಿಂದ ತಲೆಗಳನ್ನು ಒತ್ತಿ ಜಜ್ಜುತ್ತಾ ಇರಿ.

ಘಮ ಅಡುಗೆಮನೆಯಿಂದ ಹಜಾರಕ್ಕೆ ದಾಟಿದ ಮೇಲೆ ಅರ್ಧ ಈರುಳ್ಳಿ, ಜಜ್ಜಿದ ಬೆಳ್ಳುಳ್ಳಿ, ಪಲಾವ್ ಎಲೆ, ಕಾಲು ಚಮಚ ಓಂಕಾಳು ಹಾಕಿ. ಕೇಜನ್ನರು ಥೈಮ್ ಸೊಪ್ಪು ಹಾಕುತ್ತಾರೆ. ಥೈಮಿಗೂ ಓಂಕಾಳಿಗೂ ಆ ಕಟುಗಂಪು ಕೊಡುವುದು ಥೈಮಾಲ್ ಎಂಬ ಒಂದೇ ವಸ್ತು, ಹಾಗಾಗಿ ಈ ಬದಲಿಯಲ್ಲಿ ಮೋಸವಿಲ್ಲ. ಕೈ ಮಾತ್ರ ಬಿಗಿಯಿರಲಿ, ಓಂಕಾಳು ಹೆಚ್ಚಾದರೆ ಸೂಪು ಕಷಾಯವಾಗುತ್ತದೆ. ಒಂದೂಕಾಲು ಲೀಟರು ನೀರು ಸುರಿದು ಸಣ್ಣ ಕುದಿಯಲ್ಲಿ ಇಪ್ಪತ್ತು ನಿಮಿಷ, ಹೆಚ್ಚೆಂದರೆ ಇಪ್ಪತ್ತೈದು. ಮೂಳೆ ಸಾರಿನ ಹಾಗೆ ಗಂಟೆಗಟ್ಟಲೆ ಕುದಿಸಿದರೆ ಕಹಿ ಇಳಿಯುತ್ತದೆ. ಏಡಿಯ ದೊಡ್ಡ ತುಂಡುಗಳನ್ನು ಇದೇ ನೀರಿನಲ್ಲಿ ಹತ್ತು ನಿಮಿಷ ಬೇಯಿಸಿ ಹೊರತೆಗೆದು, ಆರಿದ ಮೇಲೆ ತಿರುಳು ಬಿಡಿಸಿಕೊಳ್ಳಿ. ಕೊನೆಗೆ ಏಡಿಯ ಸಣ್ಣ ಕಾಲುಗಳನ್ನೂ ಒಂದು ಹಿಡಿ ತಲೆಗಳನ್ನೂ ಸ್ವಲ್ಪ ಸಾರಿನ ಜೊತೆ ಒರಳಲ್ಲಿ ಕುಟ್ಟಿ ಅಥವಾ ಮಿಕ್ಸಿಯಲ್ಲಿ ತಿರುವಿ, ಎಲ್ಲವನ್ನೂ ಬಟ್ಟೆಯಲ್ಲಿ ಸೋಸಿ ಚೆನ್ನಾಗಿ ಹಿಂಡಿ. ಜಾಲರಿ ಸಾಲದು, ಬಟ್ಟೆಯೇ ಬೇಕು. ಚಿಪ್ಪಿನ ಒಂದು ಚೂರು ಗಂಟಲಿಗೆ ಸಿಕ್ಕಿದರೂ ಊಟದ ಸುಖ ಹೋಯಿತು.

ಇಲ್ಲಿಗೆ ಮುಕ್ಕಾಲು ಸೂಪು ಆದಂತೆ. ಉಳಿದದ್ದು ಅದಕ್ಕೆ ಮೈ ಕೊಡುವ ಕೆಲಸ.

ಐವತ್ತು ಗ್ರಾಂ ನಂದಿನಿ ಬೆಣ್ಣೆ ಕರಗಿಸಿ ನಲವತ್ತು ಗ್ರಾಂ ಮೈದಾ ಹಾಕಿ ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ. ಮೊದಲು ಹಸಿಹಿಟ್ಟಿನ ವಾಸನೆ, ಆಮೇಲೆ ಬಿಸ್ಕತ್ತಿನ ವಾಸನೆ, ಹತ್ತು ಹನ್ನೆರಡು ನಿಮಿಷಕ್ಕೆ ಹುರಿದ ಕಡಲೆಕಾಯಿ ಬೀಜದ ಬಣ್ಣ. ಕೇಜನ್ನರು ಗಂಬೋ ಎಂಬ ತಮ್ಮ ಸಾರಿಗೆ ಇದನ್ನು ಕಾಫಿಪುಡಿಯ ಬಣ್ಣದವರೆಗೂ ಒಯ್ಯುತ್ತಾರೆ. ಹುರಿದಷ್ಟೂ ರುಚಿ ಹೆಚ್ಚುತ್ತದೆ, ಮಂದ ಮಾಡುವ ಶಕ್ತಿ ಕುಗ್ಗುತ್ತದೆ. ನಮ್ಮದು ಕೆನೆಯ ಸೂಪಾದ್ದರಿಂದ ನಸುಗಂದು ಸಾಕು. ಕಪ್ಪು ಚುಕ್ಕೆ ಕಂಡರೆ ಚೆಲ್ಲಿ ಮತ್ತೆ ಶುರು ಮಾಡುವುದೇ ದಾರಿ, ಸೀದ ಹಿಟ್ಟನ್ನು ಯಾವ ಕ್ರೀಮೂ ಮುಚ್ಚುವುದಿಲ್ಲ.

ಸಣ್ಣಗೆ ಹೆಚ್ಚಿದ ದೊಡ್ಡ ಈರುಳ್ಳಿ ಒಂದು, ದಪ್ಪ ಮೆಣಸಿನಕಾಯಿ ಒಂದು, ಸೆಲರಿ ದಂಟು ಎರಡು, ಬೆಳ್ಳುಳ್ಳಿ ಆರೆಸಳು ಇದಕ್ಕೆ ಬೀಳಬೇಕು. ತರಕಾರಿಯ ನೀರು ಹಿಟ್ಟು ಇನ್ನಷ್ಟು ಕಂದಾಗುವುದನ್ನು ತಡೆಯುತ್ತದೆ. ಸೆಲರಿ ಸಿಗದ ದಿನ ಕೊತ್ತಂಬರಿಯ ಎಳೆ ದಂಟು ಹಾಕಿ. ರುಚಿ ಅದೇ ಅಲ್ಲ, ಆದರೆ ಹಸಿರಿನ ಕೆಲಸ ನಡೆಯುತ್ತದೆ. ಖಾರದ ವಿಷಯದಲ್ಲಿ ನಾವು ಅವರಿಗಿಂತ ಶ್ರೀಮಂತರು. ಅವರ ಪ್ಯಾಪ್ರಿಕಾದ ಜಾಗದಲ್ಲಿ ಬ್ಯಾಡಗಿ ಪುಡಿ ಎರಡು ಚಮಚ, ಕಯೆನ್ ಮೆಣಸಿನ ಜಾಗದಲ್ಲಿ ಗುಂಟೂರು ಪುಡಿ ಅರ್ಧ ಚಮಚ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಹಾವೇರಿ ಸೀಮೆಯ ಬ್ಯಾಡಗಿಗೆ ಬಣ್ಣವೇ ಬಲ, ಖಾರ ಹದವಾದದ್ದು. ಡಬ್ಬಿಯ ಕೇಜನ್ ಪುಡಿಗಿಂತ ಇದು ಎಷ್ಟೋ ಮೇಲು ಎಂದು ಧೈರ್ಯವಾಗಿ ಹೇಳಬಲ್ಲೆ. ಪ್ರುಡೋಮ್ ಕೆಂಪು, ಕರಿ, ಬಿಳಿ ಮೂರೂ ಮೆಣಸನ್ನು ಒಟ್ಟಿಗೆ ಬಳಸುತ್ತಿದ್ದರು. ಒಂದೊಂದರ ಖಾರ ಬಾಯಿಯಲ್ಲಿ ಒಂದೊಂದು ಹೊತ್ತಿಗೆ ಏಳುತ್ತದೆ. ಮಲೆನಾಡಿನ ಕಾಳುಮೆಣಸು ಮನೆಯಲ್ಲಿದ್ದರೆ ಆಗಲೇ ಕುಟ್ಟಿ ಒಂದು ಚಮಚ ಹಾಕಿ, ಬಿಳಿ ಮೆಣಸು ಇದ್ದರೆ ಅರ್ಧ ಚಮಚ.

ಬೀಜ ತೆಗೆದ ಒಂದು ಟೊಮೆಟೊ ಬಾಡಿಸಿ, ಬಿಸಿ ಸಾರನ್ನು ಸೌಟು ಸೌಟಾಗಿ ಸೇರಿಸುತ್ತಾ ಗಂಟಾಗದಂತೆ ಕಲಸಿ, ಕಾಲು ಗಂಟೆ ಸಣ್ಣಗೆ ಕುದಿಸಿ. ಹಿಟ್ಟಿನ ಹಸಿತನ ಹೋಗಲು ಅಷ್ಟು ಹೊತ್ತು ಬೇಕೇ ಬೇಕು.

ಇನ್ನು ಕ್ರೀಮು. ಹಳೆಯ ಕೇಜನ್ ಮನೆಗಳ ಅಡುಗೆಯಲ್ಲಿ ಕ್ರೀಮಿಗೆ ದೊಡ್ಡ ಜಾಗವಿಲ್ಲ. ಅದು ಹೆಚ್ಚಿದ್ದು ಹೋಟೆಲುಗಳ ಕಾಲದಲ್ಲಿ. ಆದರೂ ಖಾರದ ಚೂಪನ್ನು ಅದು ಮೃದು ಮಾಡುವ ಬಗೆ ಚೆಂದ, ಬಿಡಬೇಕಾಗಿಲ್ಲ. ನಮ್ಮ ಅಂಗಡಿಗಳ ಪ್ಯಾಕೆಟ್ ಕ್ರೀಮಿನಲ್ಲಿ ಸಾಮಾನ್ಯವಾಗಿ ಶೇ 25ರಷ್ಟು ಕೊಬ್ಬು, ಅಮೆರಿಕದ ಗಟ್ಟಿ ಕ್ರೀಮಿನಲ್ಲಿ ಶೇ 36ರಷ್ಟಾದರೂ ಇರುತ್ತದೆ. ಕೊಬ್ಬು ಕಡಿಮೆಯಿದ್ದಷ್ಟೂ ಹುಳಿ ಮತ್ತು ಕುದಿಗೆ ಒಡೆಯುವ ಭಯ ಜಾಸ್ತಿ. ಆದ್ದರಿಂದ ಉರಿ ತಗ್ಗಿಸಿ, ನೂರೈವತ್ತು ಮಿಲಿಲೀಟರು ಕ್ರೀಮಿಗೆ ಮೊದಲು ಒಂದು ಸೌಟು ಬಿಸಿ ಸೂಪು ಬೆರೆಸಿ, ಆಮೇಲೆ ಪಾತ್ರೆಗೆ ಸೇರಿಸಿ. ಮತ್ತೆ ಕುದಿ ಬರಬಾರದು. ನಿಂಬೆರಸ ಪಾತ್ರೆಗಲ್ಲ, ತಟ್ಟೆಗೆ.

ತೆಂಗಿನ ಹಾಲು ಹಾಕಬಹುದೇ ಎಂದು ಕೇಳುವವರು ಇದ್ದೇ ಇರುತ್ತಾರೆ, ಅದರಲ್ಲೂ ದಕ್ಷಿಣ ಕನ್ನಡ, ಉಡುಪಿಯಿಂದ ಬಂದು ಪೀಣ್ಯದ ಕಾರ್ಖಾನೆಗಳನ್ನೋ ಹೋಟೆಲುಗಳನ್ನೋ ನಂಬಿ ಈ ಕಡೆ ನೆಲೆಸಿದ ಮನೆಗಳಲ್ಲಿ. ಹಾಕಬಹುದು, ರುಚಿಯೂ ಸೊಗಸು. ಆದರೆ ಆಗ ಅದು ಕರಾವಳಿಯ ಗಸಿಯ ಕಡೆ ನಡೆದುಬಿಡುತ್ತದೆ. ತೆಂಗಿನ ಪರಿಮಳ ಎಷ್ಟು ಗಟ್ಟಿಯೆಂದರೆ ಹುರಿದ ಹಿಟ್ಟಿನ ಘಮವೂ ಚಿಪ್ಪಿನ ಆಳವೂ ಅದರ ಹಿಂದೆ ನಿಲ್ಲಬೇಕಾಗುತ್ತದೆ. ಬೆಣ್ಣೆ, ಕ್ರೀಮು ಹಿಂದೆ ಸರಿದು ಸಿಗಡಿಯನ್ನು ಮುಂದೆ ಬಿಡುತ್ತವೆ. ಒಳ್ಳೆಯ ಸಿಗಡಿ ಗಸಿಗೆ ತೆಂಗನ್ನು ಮೀರಿಸಿದ್ದು ಯಾವುದೂ ಇಲ್ಲ, ಈ ಸೂಪಿಗೆ ಮಾತ್ರ ನನ್ನ ಮತ ಕ್ರೀಮಿಗೇ. ಅಂಗಡಿಯ ಕ್ರೀಮು ಬೇಡವೆಂದರೆ ಹಾಲಿನ ಕೆನೆಯನ್ನು ಕಡೆದು ನುಣ್ಣಗೆ ಮಾಡಿ ಹಾಕಿ.

ಎಲ್ಲ ಆದ ಮೇಲೆ, ಬಡಿಸಲು ಮೂರೇ ನಿಮಿಷ ಇರುವಾಗ ಸಿಗಡಿ ತಿರುಳು ಹಾಕಬೇಕು. ಬಾಗಿ ಗುಲಾಬಿಗೆ ತಿರುಗಿದ ಕೂಡಲೇ ಒಲೆ ಆರಿಸಿ. ಪೂರ್ತಿ ಸುತ್ತಿಕೊಂಡಿತೆಂದರೆ ಹೊತ್ತು ಮೀರಿದೆ. ಬಿಡಿಸಿಟ್ಟ ಏಡಿಯ ತಿರುಳು, ಈರುಳ್ಳಿ ಸೊಪ್ಪು ಮೇಲಿಂದ. ಕೇಜನ್ನರು ಅನ್ನದ ಮೇಲೆ ಹಾಕಿಕೊಂಡು ಉಣ್ಣುತ್ತಾರೆ, ಇಲ್ಲವೇ ಗರಿಗರಿ ಬ್ರೆಡ್ಡಿನ ಜೊತೆ. ನಮಗೆ ಸೋನಾಮಸೂರಿ ಅನ್ನವೇ ಸಾಕು, ಅಯ್ಯಂಗಾರ್ ಬೇಕರಿಯ ಬ್ರೆಡ್ಡನ್ನು ಬೆಣ್ಣೆ ಹಚ್ಚಿ ಕಾವಲಿಯ ಮೇಲೆ ಕೆಂಪಗೆ ಸುಟ್ಟುಕೊಂಡರೆ ಅದಕ್ಕಿಂತ ಚೆನ್ನ. ನೀರುದೋಸೆಯೂ ಹೊಂದುತ್ತದೆ. ಮುದ್ದೆ ಬೇಡ. ಮುದ್ದೆಗೆ ಹುಳಿಯಿರುವ ಸಾರು ಬೇಕು, ಕೆನೆಯ ಸೂಪಿನಲ್ಲಿ ಅದು ಭಾರವಾಗುತ್ತದೆ.

ಈ ಪಾತ್ರೆಯೊಳಗಿನ ಸಿಗಡಿಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಬೆಂಗಳೂರಿನ ಅಂಗಡಿಗಳಲ್ಲಿ ಒಂದೇ ಗಾತ್ರದ, ತಿಳಿಬೂದು ಬಣ್ಣದ ಸಿಗಡಿ ಕಂಡರೆ ಅದು ಬಹುಮಟ್ಟಿಗೆ ವನ್ನಾಮಿ. ಅಮೆರಿಕ ಖಂಡದ ಪೆಸಿಫಿಕ್ ಕರಾವಳಿಯ ಈ ತಳಿಯ ಸಾಕಣೆಗೆ ನಮ್ಮಲ್ಲಿ 2009ರಲ್ಲಿ ಅನುಮತಿ ಸಿಕ್ಕಿತು. ಆಂಧ್ರದ ಕೊಳಗಳಲ್ಲಿ ಬೆಳೆದ ವನ್ನಾಮಿಯಿಂದಾಗಿ ಭಾರತ ಹಲವು ವರ್ಷ ಅಮೆರಿಕಕ್ಕೆ ಅತಿ ಹೆಚ್ಚು ಸಿಗಡಿ ಕಳಿಸುವ ದೇಶವಾಯಿತು. ಅಗ್ಗದ ಹೊರದೇಶದ ಸಿಗಡಿಯಿಂದ ಲೂಸಿಯಾನದ ಬೆಸ್ತರಿಗೆ ಬೆಲೆ ಕುಸಿಯಿತು. ಹೊರದೇಶದ ಸಿಗಡಿ ಬಡಿಸುವ ಹೋಟೆಲುಗಳು ಅದನ್ನು ಗಿರಾಕಿಗಳಿಗೆ ತಿಳಿಸಲೇಬೇಕೆಂದು ಆ ರಾಜ್ಯ 2019ರಲ್ಲಿ ಕಾನೂನು ಮಾಡಿತು. ಕೇಜನ್ ನಾಡಿನ ಎಷ್ಟೋ ಬಟ್ಟಲುಗಳಲ್ಲಿ ನಮ್ಮ ನೆರೆಯ ಆಂಧ್ರದ ಸಿಗಡಿ ಇದ್ದೀತು. ವನ್ನಾಮಿ ತಿನ್ನಬಾರದೆಂದು ನಾನು ಹೇಳುವುದಿಲ್ಲ, ತಲೆಸಹಿತ ತಾಜಾ ಸಿಕ್ಕರೆ ಸೂಪಿಗೆ ಧಾರಾಳವಾಗಿ ಆಗುತ್ತದೆ. ಆದರೆ ಸಣ್ಣ ಕಡಲ ಸಿಗಡಿ ಮಂಗಳೂರಿನಿಂದ ಬಂದ ದಿನ ಅದನ್ನೇ ಆರಿಸಿ. ಸುಲಿಯಲು ಬೇಸರ ಬರುವಷ್ಟು ಸಣ್ಣದು ನಿಜ, ರಸ ಮಾತ್ರ ಎರಡು ಪಟ್ಟು ಗಾಢ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮೀನು ಮರಿ ಮಾಡುವ ಕಾಲ, ಕಡಲಿಗೆ ಆ ಬಿಡುವು ಬೇಕು. ಬಿಸಿ ಸೂಪಿನ ಆಸೆ ಹುಟ್ಟುವುದೂ ಆ ಮಳೆ ದಿನಗಳಲ್ಲೇ. ಅದಕ್ಕೆ ಎರಡು ದಾರಿ. ಒಂದು, ಮೇ ತಿಂಗಳಲ್ಲಿ ಸಿಗಡಿ ತಂದಾಗಲೆಲ್ಲ ತಲೆ, ಚಿಪ್ಪನ್ನು ಗಾಳಿಯಾಡದಂತೆ ಕಟ್ಟಿ ಫ್ರೀಜರಿನಲ್ಲಿಡುವುದು. ಎರಡು ಮೂರು ತಿಂಗಳಿಗೆ ಮೋಸವಿಲ್ಲ, ಕರಗಿಸದೆ ನೇರ ಬೆಣ್ಣೆಗೆ ಹಾಕಬಹುದು. ಇನ್ನೊಂದು ಒಣ ಸಿಗಡಿ. ಸಂತೆಯಿಂದ ಸಂತೆಗೆ ಹೋಗಿ ಕಡಲೇ ಕಾಣದ ಹಳ್ಳಿಗಳ ಚಟ್ನಿಗೂ ಸೊಪ್ಪಿನ ಸಾರಿಗೂ ರುಚಿ ಕೊಟ್ಟ ಸರಕು ಅದು. ಲೂಸಿಯಾನದ ಬರಟಾರಿಯ ಕೊಲ್ಲಿಯಲ್ಲೂ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಚೀನೀ, ಫಿಲಿಪಿನೊ ವಲಸಿಗರು ನೀರಿನ ಮೇಲೆ ಮರದ ಅಟ್ಟ ಕಟ್ಟಿ ಸಿಗಡಿ ಒಣಗಿಸುತ್ತಿದ್ದರು. ಅಂಥ ಅಟ್ಟದ ಊರಾದ ಮನಿಲಾ ವಿಲೇಜ್ 1965ರ ಬೆಟ್ಸಿ ಚಂಡಮಾರುತಕ್ಕೆ ನಾಶವಾಯಿತು. ಇಂದಿಗೂ ಅಲ್ಲಿನ ಗಂಬೋಗೆ ಒಣ ಸಿಗಡಿ ಬೀಳುತ್ತದೆ.

ಮಳೆಗಾಲದ ಸೂಪಿಗೆ ಎರಡು ಹಿಡಿ ಒಣ ಸಿಗಡಿ ತೆಗೆದುಕೊಂಡು, ಮರಳು ಹೋಗುವಂತೆ ಬೇಗ ತೊಳೆದು ಒರೆಸಿ, ಒಣ ಬಾಣಲೆಯಲ್ಲಿ ಗರಿಗರಿಯಾಗುವವರೆಗೆ ಹುರಿಯಿರಿ. ತಲೆ ಕೀಳಬೇಡಿ. ಅರ್ಧವನ್ನು ಪುಡಿ ಮಾಡಿ ಬೆಣ್ಣೆಯಲ್ಲಿ ಬಾಡಿಸಿ, ಉಳಿದರ್ಧವನ್ನು ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ಕುದಿಸಿ, ಎರಡನ್ನೂ ಸೇರಿಸಿ ಬಟ್ಟೆಯಲ್ಲಿ ಸೋಸಿಕೊಳ್ಳಿ. ಅಲ್ಲಿಂದ ಮುಂದೆ ಹಿಟ್ಟು, ತರಕಾರಿ, ಬ್ಯಾಡಗಿ, ಕ್ರೀಮು ಎಲ್ಲ ಹಿಂದಿನ ಹಾಗೆಯೇ. ತಿರುಳಿನ ಬದಲು ಎಳೆ ಜೋಳದ ಕಾಳು ಹಾಕಿದರೆ ಅದರ ಸಿಹಿ ಚೆನ್ನಾಗಿ ಹೊಂದುತ್ತದೆ. ಉಪ್ಪು ಮಾತ್ರ ಕ್ರೀಮು ಸೇರಿದ ಮೇಲೆ ರುಚಿ ನೋಡಿ ಹಾಕಿ, ಒಣ ಸಿಗಡಿಯಲ್ಲೇ ಸಾಕಷ್ಟು ಇರುತ್ತದೆ.